ಬಂಡಾಯ ಯಂತ್ರ: ಬಳಸುವ ಮುನ್ನ ಓದಿ



‘ಕೋಡ್ ಗಿಯಾಸ್: ಲೆಲೂಷ್ ಆಫ್ ದ ರೆಬೆಲಿಯನ್’ ಎಂಬ ಜಪಾನಿ ಅನಿಮೆ ಸರಣಿಯನ್ನು ಆರಿಸಿಕೊಂಡಿದ್ದಕ್ಕೆ ವಂದನೆಗಳು. ನೀವಾಗಿಯೇ ಆರಿಸಿಕೊಂಡಿರಲಿಕ್ಕಿಲ್ಲ ಎಂಬುದೂ ನಮಗೆ ಗೊತ್ತು. ಮಗಳೋ, ಸೋದರಳಿಯನೋ, ಪಿ.ಜಿ.ಯ ರೂಮ್‌ಮೇಟೋ ‘ಮೂರು ಕಂತು ನೋಡಿ, ಆಮೇಲೆ ನಿಮ್ಮಿಷ್ಟ’ ಎಂದು ತಲೆ ತಿಂದಿರುತ್ತಾರೆ. ‘ಯಾವ ಬಗೆಯ ಕತೆ ಅದು?’ ಎಂದು ಕೇಳಿದರೆ, ಯಂತ್ರಗಳ ಯುದ್ಧ ಎಂದು ಶುರುಮಾಡಿ, ಹಾಗಲ್ಲ, ಶಾಲೆಯ ಹುಡುಗ ಹುಡುಗಿಯರದ್ದು ಎಂದು ತಿದ್ದಿ, ರಾಜಮನೆತನದ ಒಳಜಗಳವೂ ಇದೆ, ಮುಖವಾಡದವನೊಬ್ಬ ಇದ್ದಾನೆ, ಚದುರಂಗ ಇದೆ, ಮಾಯಾಶಕ್ತಿ ಇದೆ, ಒಂದು ಬೆಕ್ಕೂ ಇದೆ ಎನ್ನುತ್ತಾ ಹೋಗಿ ಕೊನೆಗೆ ‘ನೀವೇ ನೋಡಿ’ ಎಂದು ಕೈಚೆಲ್ಲಿರುತ್ತಾರೆ. ಆ ಕೊರತೆ ತುಂಬಲೆಂದೇ ಈ ಕೈಪಿಡಿ.

ಕತೆಯ ಗುಟ್ಟುಗಳೆಲ್ಲ ಇದರಲ್ಲಿ ಬಯಲಾಗುತ್ತವೆ. ಕೈಪಿಡಿಯನ್ನು ಪಕ್ಕಕ್ಕಿಟ್ಟು ಮೊದಲು ಸ್ವಿಚ್ ಒತ್ತುವುದು ಹೇಗೂ ನಮ್ಮ ಕಡೆಯ ಪದ್ಧತಿ. ಬೇಕಾದವರು ಹಾಗೇ ಮಾಡಿ, ಎಲ್ಲಾದರೂ ಸಿಕ್ಕಿಹಾಕಿಕೊಂಡಾಗ ಇಲ್ಲಿಗೆ ಬನ್ನಿ.

ತಯಾರಕರ ವಿವರ

ತಯಾರಿಕೆ ಟೋಕಿಯೊದ ಸನ್‌ರೈಸ್ ಸ್ಟುಡಿಯೊ. ನಿರ್ದೇಶಕ ಗೋರೋ ತಾನಿಗುಚಿ, ಮುಖ್ಯ ಕತೆಗಾರ ಇಚಿರೋ ಓಕೋಚಿ. ಮೊದಲ ಸೀಸನ್ 2006ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಎರಡನೆಯದು 2008ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂತು. ತಲಾ 25 ಕಂತು, ಒಟ್ಟು 50. ಪಾತ್ರಗಳ ಮೂಲ ವಿನ್ಯಾಸ ಕ್ಲಾಂಪ್ ಎಂಬ ನಾಲ್ವರು ಮಹಿಳೆಯರ ಮಂಗಾ ಬಳಗದ್ದು. ಅದನ್ನು ಆನಿಮೇಶನ್‌ಗೆ ಒಗ್ಗಿಸಿದವರು ತಕಾಹಿರೋ ಕಿಮುರಾ. ಪಾತ್ರಗಳ ಕೈಕಾಲು ಅಳತೆ ಮೀರಿ ಉದ್ದವಾಗಿ ಕಂಡರೆ ಟೀವಿಯ ಸೆಟ್ಟಿಂಗ್ ಬದಲಿಸಲು ಹೋಗಬೇಡಿ. ಕ್ಲಾಂಪ್ ಬಳಗ ಮನುಷ್ಯರನ್ನು ಬಿಡಿಸುವುದೇ ಹಾಗೆ. ಪ್ರೇಮ ಮತ್ತು ಮಾಯೆಯ ಕತೆಗಳಿಗೆ ಹೆಸರಾದ ಬಳಗದ ಕೈಯಲ್ಲಿ ಯುದ್ಧಯಂತ್ರದ ಕತೆಯ ಮುಖಗಳನ್ನು ಬರೆಸಿದಾಗಲೇ ಮಿಶ್ರಣ ಶುರುವಾಗಿತ್ತು ಎನ್ನಬೇಕು.

ಯಂತ್ರಗಳ ಕುರಿತು

ಮೆಕಾ ಎಂದರೆ ಮನುಷ್ಯ ಒಳಗೆ ಕೂತು ನಡೆಸುವ ಯಂತ್ರಮಾನವರ ಕತೆ. 1972ರ ಮಾಜಿಂಗರ್ ಝಡ್‌ನಲ್ಲಿ ಈ ಯಂತ್ರ ಹೆಚ್ಚುಕಡಿಮೆ ಒಬ್ಬ ಮಹಾವೀರ. 1979ರಲ್ಲಿ ಇದೇ ಸನ್‌ರೈಸ್ ಸ್ಟುಡಿಯೊ ಮಾಡಿದ ಗುಂಡಮ್‌ನಲ್ಲಿ ಅದು ಸೈನ್ಯದ ಸಾಮಾನು ಸರಂಜಾಮು ಆಯಿತು, ಕೆಡುತ್ತದೆ, ಗುಂಡು ಮುಗಿಯುತ್ತದೆ, ರಿಪೇರಿ ಬೇಕಾಗುತ್ತದೆ. 1995ರ ಇವಾಂಗೆಲಿಯನ್‌ನಲ್ಲಿ ಯಂತ್ರದೊಳಗೆ ಕೂತ ಹುಡುಗನ ಮನಸ್ಸೇ ರಿಪೇರಿಗೆ ಬಂತು.

ಕೋಡ್ ಗಿಯಾಸ್ ಇಷ್ಟು ಹೊತ್ತಿಗೆ ಸವೆದುಹೋಗಿದ್ದ ದಾರಿಯಲ್ಲಿ ಒಂದು ಜಾಣತನ ಮಾಡಿತು, ಯಂತ್ರವನ್ನು ಕುಗ್ಗಿಸಿತು. ಗುಂಡಮ್ 18 ಮೀಟರ್ ಎತ್ತರವಿದ್ದರೆ ಇಲ್ಲಿನ ‘ನೈಟ್‌ಮೇರ್ ಫ್ರೇಮ್’ ಸುಮಾರು ನಾಲ್ಕೂವರೆ ಮೀಟರ್. ಕಾಲಿಗೆ ಚಕ್ರ, ಎದೆಯಿಂದಲೋ ಸೊಂಟದಿಂದಲೋ ಹಾರುವ ಕೊಕ್ಕೆಯ ತಂತಿ. ಹಾಗಾಗಿ ಅದು ನಗರದ ಬೀದಿಯಲ್ಲಿ ಓಡಬಲ್ಲದು, ಗೋಡೆ ಹತ್ತಬಲ್ಲದು, ಕಟ್ಟಡದ ಮರೆಯಲ್ಲಿ ಅವಿತು ಕೂರಬಲ್ಲದು. ಹದಿನೆಂಟು ಮೀಟರಿನ ಯಂತ್ರ ಅವಿತುಕೊಳ್ಳಲಾರದು. ಅವಿತುಕೊಳ್ಳಲಾಗದ ಕಡೆ ಬಂಡಾಯದ ಕತೆ ಹೇಳುವುದೂ ಕಷ್ಟ.

ಇನ್ನೊಂದು ಮಾತು. ಜಪಾನನ್ನು ಗೆದ್ದ ಬ್ರಿಟಾನಿಯಾ ಸಾಮ್ರಾಜ್ಯದ ವಿರುದ್ಧ ಬಂಡೆದ್ದ ಕಥಾನಾಯಕ ಲೆಲೂಷ್ ಯಂತ್ರ ನಡೆಸುವುದರಲ್ಲಿ ಅಂಥ ನಿಪುಣನೇನಲ್ಲ. ಅವನ ಯಂತ್ರ ಪದೇ ಪದೇ ಚಿಂದಿಯಾಗುತ್ತದೆ. ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ನಿಪುಣರು ಬೇರೆಯವರು: ಅವನ ಪಡೆಯ ಕ್ಯಾಲೆನ್, ಶತ್ರುಪಕ್ಷದಲ್ಲಿರುವ ಅವನ ಬಾಲ್ಯಗೆಳೆಯ ಸುಜಾಕು. ಮೊದಲ ಕಾಳಗದಲ್ಲಿ ಲೆಲೂಷ್ ಚದುರಂಗದ ಕಾಯಿಗಳಂತೆ ಬಂಡುಕೋರರನ್ನು ನಡೆಸಿ ಇಡೀ ಸೈನ್ಯವನ್ನು ಗೆಲ್ಲುವಷ್ಟರಲ್ಲಿ ಒಂದೇ ಒಂದು ಬಿಳಿ ಯಂತ್ರ ಬಂದು ಮಣೆಯನ್ನೇ ಉರುಳಿಸಿಬಿಡುತ್ತದೆ. ಒಳಗಿರುವುದು ಸುಜಾಕು ಎಂದು ಲೆಲೂಷ್‌ಗೆ ಗೊತ್ತಿಲ್ಲ. ಅದು ಗೊತ್ತಾಗಲು ನೀವು ಬಹಳ ಕಾಯಬೇಕು. ಆ ಕಾಯುವಿಕೆ ಉತ್ಪನ್ನದ ಬೆಲೆಯಲ್ಲೇ ಸೇರಿದೆ.

ಸ್ವಿಚ್

ಎಡಗಣ್ಣು. ಸಿ.ಸಿ. ಎಂಬ ಸಾವಿಲ್ಲದ ಹೆಣ್ಣು ಲೆಲೂಷ್‌ಗೆ ‘ಗಿಯಾಸ್’ ಎಂಬ ಶಕ್ತಿ ಕೊಡುತ್ತಾಳೆ. ಕಣ್ಣಲ್ಲಿ ಕಣ್ಣಿಟ್ಟು ಏನು ಆಜ್ಞೆ ಮಾಡಿದರೂ ಎದುರಿನವರು ನಡೆಸಿಕೊಡಬೇಕು. ಇಷ್ಟೇ ಆಗಿದ್ದರೆ ಎರಡನೇ ಕಂತಿಗೆ ಕತೆ ಮುಗಿಯುತ್ತಿತ್ತು. ಆದ್ದರಿಂದ ಷರತ್ತುಗಳನ್ನು ಗಮನವಿಟ್ಟು ಓದಿ. ಒಬ್ಬರ ಮೇಲೆ ಒಮ್ಮೆ ಮಾತ್ರ. ನೇರ ನೋಟ ಬೇಕು; ಕನ್ನಡಿಯಲ್ಲಿ ಪ್ರತಿಫಲಿಸಿದರೂ ನಡೆಯುತ್ತದೆ. ದೂರ ಸುಮಾರು 270 ಮೀಟರ್ ಮೀರುವಂತಿಲ್ಲ. ಆಜ್ಞೆಗೆ ಒಳಗಾದವರಿಗೆ ಆ ಹೊತ್ತಿನ ನೆನಪು ಇರುವುದಿಲ್ಲ. ಇವನ್ನೆಲ್ಲ ಲೆಲೂಷ್ ಸ್ವತಃ ಪ್ರಯೋಗ ಮಾಡಿ ಕಂಡುಕೊಳ್ಳುತ್ತಾನೆ, ಯಾಕೆಂದರೆ ಅವನಿಗೆ ಯಾರೂ ಕೈಪಿಡಿ ಕೊಟ್ಟಿರಲಿಲ್ಲ.

ಭಸ್ಮಾಸುರ, ಹಿರಣ್ಯಕಶಿಪುಗಳ ಕತೆ ಕೇಳಿ ಬೆಳೆದವರಿಗೆ ಇಲ್ಲಿ ಏನು ನೋಡಬೇಕೆಂದು ಹೇಳಿಕೊಡಬೇಕಾಗಿಲ್ಲ. ವರ ಸಿಕ್ಕಿತು ಎಂದಾಕ್ಷಣ ನಮ್ಮ ಕಿವಿ ನಿಮಿರುವುದು ವರದ ಬಲಕ್ಕಲ್ಲ, ಅದರ ಸಂದಿಗೆ. ಹಗಲೂ ಅಲ್ಲ, ರಾತ್ರಿಯೂ ಅಲ್ಲ ಎಂದರೆ ಹೊಸ್ತಿಲಲ್ಲಿ ಮುಸ್ಸಂಜೆ ಕಾದಿದೆ ಎಂದೇ ಲೆಕ್ಕ. ‘ಒಬ್ಬರ ಮೇಲೆ ಒಮ್ಮೆ ಮಾತ್ರ’ ಎಂಬ ಷರತ್ತು ಕಿವಿಗೆ ಬಿದ್ದ ಕೂಡಲೇ ಕೇಳಿಕೊಳ್ಳಿ: ಆ ಒಂದು ಸಲವನ್ನು ಇವನು ಯಾರ ಮೇಲೆ ವ್ಯರ್ಥ ಮಾಡುತ್ತಾನೆ? ಯಾರ ಮೇಲೆ ಬಳಸಬಾರದಿತ್ತು?

ಯಂತ್ರ ಕೆಲಸ ಮಾಡುವ ಬಗೆ

ಇದು ಕೈಪಿಡಿಯ ಮುಖ್ಯ ಭಾಗ. ಅವಸರವಿದ್ದವರೂ ಇದನ್ನು ಬಿಡಬೇಡಿ.

ಹಲವು ಬಗೆಯ ಕತೆಗಳನ್ನು ಒಂದೇ ಸರಣಿಯಲ್ಲಿ ತುಂಬುವುದು ದೊಡ್ಡ ವಿದ್ಯೆಯೇನಲ್ಲ. ಇಲ್ಲಿರುವ ವಿದ್ಯೆ ಬೇರೆ. ಒಂದು ಬಗೆಯ ಕತೆಯಲ್ಲಿ ಮಾಡಿದ ಸಾಲವನ್ನು ಇನ್ನೊಂದು ಬಗೆಯ ಕತೆ ಬಡ್ಡಿಸಮೇತ ವಸೂಲು ಮಾಡುತ್ತದೆ. ಯುದ್ಧದ ಸಾಲಕ್ಕೆ ಶಾಲೆಯಲ್ಲಿ ಜಪ್ತಿ, ಶಾಲೆಯ ಸಾಲಕ್ಕೆ ಯುದ್ಧದಲ್ಲಿ ಜಪ್ತಿ. ಹೀಗಾಗಿ ಹಾಸ್ಯದ ಕಂತು ಬಂದಾಗ ಎದ್ದು ಕಾಫಿ ಮಾಡಲು ಹೋಗುವವರು ಬಹಳ ಕಳೆದುಕೊಳ್ಳುತ್ತಾರೆ.

ನಾರಿತಾ ಬೆಟ್ಟದ ಕಾಳಗವನ್ನು ತೆಗೆದುಕೊಳ್ಳಿ. ಲೆಲೂಷ್ ಈಗ ‘ಝೀರೊ’ ಎಂಬ ಮುಖವಾಡದ ನಾಯಕ, ಅವನ ಪಡೆ ‘ಕಪ್ಪು ಯೋಧರು’. ಬೆಟ್ಟದೊಳಗಿನ ನೀರನ್ನು ಕ್ಯಾಲೆನ್‌ಳ ಯಂತ್ರದ ಶಾಖದಿಂದ ಸಿಡಿಸಿ, ಗುಡ್ಡವನ್ನೇ ಶತ್ರುಸೈನ್ಯದ ಮೇಲೆ ಜಾರಿಸುತ್ತಾನೆ. ಯುದ್ಧಕತೆಯ ಅಳತೆಯಲ್ಲಿ ಇದು ಮೆಚ್ಚಬೇಕಾದ ತಂತ್ರ, ನೀವೂ ಮೆಚ್ಚಿರುತ್ತೀರಿ. ಆಮೇಲೆ ಅವನ ಸಹಪಾಠಿ ಶರ್ಲಿ ಮಳೆಯಲ್ಲಿ ನಿಂತು ಹೇಳುತ್ತಾಳೆ, ಅವಳ ಅಪ್ಪ ಆ ಮಣ್ಣಿನಡಿ ಸತ್ತನೆಂದು. ಹೇಳುವುದು ಯಾರ ಬಳಿ? ತಾನು ಪ್ರೀತಿಸುವ ಲೆಲೂಷ್ ಬಳಿ. ಅಲ್ಲಿಯವರೆಗೆ ಶರ್ಲಿ ಹದಿಹರೆಯದ ಪ್ರೇಮಹಾಸ್ಯದ ಪಾತ್ರವಾಗಿದ್ದಳು, ಯುದ್ಧಕತೆಯಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ಕೊನೆಗೆ ಲೆಲೂಷ್ ತನ್ನ ಒಂದೇ ಒಂದು ಆಜ್ಞೆಯನ್ನು ಅವಳ ಮೇಲೆ ಬಳಸಿ, ತನ್ನ ನೆನಪನ್ನೇ ಅಳಿಸಿಬಿಡುತ್ತಾನೆ. ಮುಂದೆ ಅವಳು ಅವನನ್ನು ಅಪರಿಚಿತನಂತೆ ಮಾತಾಡಿಸಿದಾಗ ನಿಮ್ಮ ಗಂಟಲು ಹಿಡಿದರೆ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ.

ಇದಕ್ಕಿಂತ ಕ್ರೂರವಾದದ್ದು ಮೊದಲ ಸೀಸನ್ನಿನ ಕೊನೆಯ ಭಾಗದಲ್ಲಿದೆ. 21ನೇ ಕಂತಿನಲ್ಲಿ ಲೆಲೂಷ್ ಓದುವ ಆಶ್‌ಫರ್ಡ್ ಶಾಲೆಯ ಹಬ್ಬ. ಹಳೆಯ ಯುದ್ಧಯಂತ್ರವೊಂದನ್ನು ಹೊರತಂದು, ಸುಜಾಕು ಅದರಲ್ಲಿ ಕೂತು, ಜಗತ್ತಿನ ಅತಿ ದೊಡ್ಡ ಪಿಜ್ಜಾಕ್ಕೆ ಹಿಟ್ಟು ಎಸೆದು ತಿರುಗಿಸುತ್ತಾನೆ. ಕೊಲ್ಲಲು ಮಾಡಿದ ಯಂತ್ರ ಹಿಟ್ಟು ತಟ್ಟುವುದನ್ನು ನೋಡಿ ನಕ್ಕುಬಿಡುತ್ತೀರಿ. ಅದೇ ಹಬ್ಬಕ್ಕೆ ಬಂದ ಸಾಮ್ರಾಜ್ಯದ ರಾಜಕುಮಾರಿ ಯೂಫೆಮಿಯಾ, ಕ್ಯಾಮೆರಾಗಳ ಮುಂದೆ ನಿಂತು, ಜಪಾನಿಗಳು ಜಪಾನಿಗಳಾಗಿಯೇ ಬದುಕಬಹುದಾದ ವಿಶೇಷ ಪ್ರದೇಶವನ್ನು ಘೋಷಿಸುತ್ತಾಳೆ. ಲೆಲೂಷ್‌ನ ಮಲತಂಗಿ ಅವಳು. ಅವನ ಮುಖವಾಡದ ಗುಟ್ಟು ಗೊತ್ತಿದ್ದೂ ಬಾಯಿಬಿಟ್ಟವಳಲ್ಲ. ಮುಂದಿನ ಕಂತಿನಲ್ಲಿ ಅವಳ ಜತೆ ಮಾತಾಡಿ ಸೋತ ಲೆಲೂಷ್, ಇನ್ನು ಒಟ್ಟಿಗೆ ಕೆಲಸ ಮಾಡೋಣ ಎಂದು ಒಪ್ಪಿಯೂ ಬಿಡುತ್ತಾನೆ. ಒಪ್ಪಿದ ಹಗುರದಲ್ಲಿ ತನ್ನ ಶಕ್ತಿಯ ಬಗ್ಗೆ ತಮಾಷೆ ಮಾಡುತ್ತಾನೆ: ಉದಾಹರಣೆಗೆ, ಜಪಾನಿಗಳನ್ನು ಕೊಲ್ಲು ಎಂದು ನಾನು ಹೇಳಿದರೆ ನೀನು ಕೊಲ್ಲಲೇಬೇಕು. ಅದೇ ಗಳಿಗೆಗೆ ಅವನ ಗಿಯಾಸ್ ಹಿಡಿತ ತಪ್ಪಿ ನಿರಂತರವಾಗಿ ಚಾಲೂ ಆಗಿರುತ್ತದೆ. ಅವಳು ಹೊರಗೆ ಹೋಗಿ, ತಾನೇ ಕರೆಸಿದ ಜನರ ಮೇಲೆ ಗುಂಡು ಹಾರಿಸುತ್ತಾಳೆ.

ಉಳಿದ ಅನಿಮೆಗಳಲ್ಲಿ ಇಂಥ ತಿರುವಿಗೆ ಖಳನೊಬ್ಬನ ಸಂಚು ಬೇಕಾಗುತ್ತದೆ. ಇಲ್ಲಿ ಖಳನಿಲ್ಲ, ಸಂಚಿಲ್ಲ, ಒಂದು ಹಾಳು ತಮಾಷೆ. ‘ಇದು ಬರೀ ಕಾಕತಾಳೀಯ’ ಎಂದು ಬೈದವರೂ ಬಹಳ. ಅವರ ಮಾತನ್ನು ಈ ಕೈಪಿಡಿ ಪೂರ್ತಿ ತಳ್ಳಿಹಾಕುವುದಿಲ್ಲ. ಶಕ್ತಿ ಕೈಮೀರುವ ಗಳಿಗೆಯನ್ನು ಕತೆಗಾರರು ಅನುಕೂಲ ನೋಡಿಕೊಂಡೇ ಇಟ್ಟಿದ್ದಾರೆ. ಆದರೆ ಮುಂದಿನ ಲೆಕ್ಕ ನೋಡಿ. ಯೂಫೆಮಿಯಾಳನ್ನು ಲೆಲೂಷ್ ತನ್ನ ಕೈಯಾರೆ ಕೊಲ್ಲಬೇಕಾಗುತ್ತದೆ. ಅವಳನ್ನು ಆರಾಧಿಸುತ್ತಿದ್ದ ನೀನಾ ಎಂಬ ಅಂಜುಬುರುಕಿ ಅದೇ ಶಾಲೆಯ ವಿದ್ಯಾರ್ಥಿ ಸಂಘದವಳು. ದ್ವೇಷದಲ್ಲಿ ಕೂತು ನಗರಗಳನ್ನೇ ನುಂಗುವ ಬಾಂಬು ಕಂಡುಹಿಡಿಯುತ್ತಾಳೆ. ಇನ್ನೊಂದು ಕಡೆ, ಸಾಯಲು ಹಾತೊರೆಯುತ್ತಿದ್ದ ಸುಜಾಕುವಿಗೆ ಲೆಲೂಷ್ ಹಿಂದೊಮ್ಮೆ ಕೊಟ್ಟಿದ್ದ ಆಜ್ಞೆ ಒಂದೇ: ಬದುಕು. ಇಡೀ ಸರಣಿಯಲ್ಲಿ ಅವನು ಮಾಡಿದ ಅತ್ಯಂತ ಒಳ್ಳೆಯ ಆಜ್ಞೆ ಅದು. ಎರಡನೇ ಸೀಸನ್ನಿನ 18ನೇ ಕಂತಿನಲ್ಲಿ ಆ ಬಾಂಬು ಸುಜಾಕುವಿನ ಯಂತ್ರದಲ್ಲಿದೆ, ಬಳಸಲು ಅವನಿಗೆ ಮನಸ್ಸಿಲ್ಲ, ಎದುರಿಗೆ ಕ್ಯಾಲೆನ್ ಅವನನ್ನು ಮುಗಿಸಲಿದ್ದಾಳೆ. ‘ಬದುಕು’ ಎಂಬ ಆಜ್ಞೆ ಅವನ ಬೆರಳನ್ನು ಒತ್ತಿಸುತ್ತದೆ. ಟೋಕಿಯೊದ ನಡುಭಾಗವೇ ಇಲ್ಲವಾಗುತ್ತದೆ. ಲೆಲೂಷ್ ಈ ಬಂಡಾಯ ಶುರುಮಾಡಿದ್ದೇ ತನ್ನ ಕುರುಡು ತಂಗಿ ನನಲಿಗಾಗಿ. ಅವಳು ಅಲ್ಲೇ ಇದ್ದಳು ಎಂದು ಅವನು ನಂಬುತ್ತಾನೆ.

ತಮಾಷೆಗೆ ಆಡಿದ ಒಂದು ಮಾತು, ಗೆಳೆಯನ ಮೇಲಿನ ಅಕ್ಕರೆಗೆ ಆಡಿದ ಒಂದು ಮಾತು, ಎರಡೂ ಬೇರೆ ಬೇರೆ ಕತೆಗಳಲ್ಲಿ ಬೆಳೆದು ಒಂದೇ ಗುಂಡಿಯ ಮೇಲೆ ಕೂಡುತ್ತವೆ. ಅಲ್ಲಿಗೆ ಬಂದ ಮೇಲೆ ‘ಇದು ಯಾವ ಬಗೆಯ ಕತೆ’ ಎಂಬ ಪ್ರಶ್ನೆಯನ್ನು ನೀವೇ ಕೈಬಿಟ್ಟಿರುತ್ತೀರಿ.

ಎಚ್ಚರಿಕೆಗಳು

ಈ ಸರಣಿಯ ಬ್ರಿಟಾನಿಯಾ ಸಾಮ್ರಾಜ್ಯಕ್ಕೂ ಚಹಾದ ಜತೆಗಿನ ಬಿಸ್ಕತ್ತಿಗೂ ಸಂಬಂಧವಿಲ್ಲ. ಬ್ರಿಟನ್ನಿಗೂ ನೇರ ಸಂಬಂಧವಿಲ್ಲ: ಈ ಕತೆಯ ಚರಿತ್ರೆಯಲ್ಲಿ ಜಾರ್ಜ್ ವಾಷಿಂಗ್ಟನ್ನನ ಬಂಡಾಯ ಸೋತಿದೆ, ನೆಪೋಲಿಯನ್ನನ ಕಾಲದಲ್ಲಿ ಬ್ರಿಟನ್ ಕೈತಪ್ಪಿ ರಾಜಮನೆತನ ಅಮೆರಿಕ ಖಂಡಕ್ಕೆ ಓಡಿದೆ, ಅಲ್ಲಿಂದ ಜಗತ್ತನ್ನು ನುಂಗುತ್ತಾ ಬಂದಿದೆ. ಕತೆಯ ಪಂಚಾಂಗದ 2010ರಲ್ಲಿ ಜಪಾನನ್ನು ಗೆದ್ದು, ಅದಕ್ಕೆ ‘ಏರಿಯಾ 11’ ಎಂದೂ ಅಲ್ಲಿನ ಜನರಿಗೆ ‘ಇಲೆವೆನ್‌’ಗಳು ಎಂದೂ ಹೆಸರಿಡುತ್ತದೆ. ಗೆದ್ದ ನೆಲಕ್ಕೆ ನಂಬರು ಹಾಕುವ ಈ ಒಂದು ವಿವರದಿಂದಲೇ ಸಾಮ್ರಾಜ್ಯದ ಸ್ವಭಾವ ಗೊತ್ತಾಗಿಬಿಡುತ್ತದೆ.

ಕಿತ್ತೂರು, ಸಂಗೊಳ್ಳಿ ಎಂದು ಶಾಲೆಯಲ್ಲಿ ಓದಿ ಬಂದವರು ಇಲ್ಲಿ ಸ್ವಲ್ಪ ತಡವರಿಸಬಹುದು. ನಮ್ಮ ಬಂಡಾಯದ ಕತೆಗಳಲ್ಲಿ ಎದ್ದು ನಿಲ್ಲುವವರು ನೆಲದ ಮಕ್ಕಳು. ಇಲ್ಲಿ ಜಪಾನಿನ ಬಿಡುಗಡೆಗೆ ನಾಯಕನಾಗಿರುವವನು ಶತ್ರು ಚಕ್ರವರ್ತಿಯ ಮಗ, ಗಡಿಪಾರಾದ ಹನ್ನೊಂದನೇ ರಾಜಕುಮಾರ. ತಾಯಿಯ ಕೊಲೆಗೆ ಸೇಡು, ತಂಗಿಗೊಂದು ನೆಮ್ಮದಿಯ ಜಗತ್ತು, ಇವೆರಡು ಅವನಿಗೆ ಬೇಕಾದದ್ದು. ಜಪಾನಿನ ಸ್ವಾತಂತ್ರ್ಯ ಅದಕ್ಕೆ ಸಲಕರಣೆ. ಆದರೆ ನೆಲದ ಮಗ ಸುಜಾಕು, ಕೊನೆಯ ಪ್ರಧಾನಿಯ ಕುಡಿ, ಸಾಮ್ರಾಜ್ಯದ ಸೈನ್ಯದಲ್ಲಿ ದುಡಿದು ಅದನ್ನು ಒಳಗಿನಿಂದ ಬದಲಿಸುತ್ತೇನೆ ಎನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ ಎಂದು ನಿಮ್ಮ ಮನೆಯಲ್ಲಿ ಜಗಳ ಹತ್ತಿದರೆ ಕಂಪನಿ ಹೊಣೆಯಲ್ಲ.

ಗಂಭೀರ ಎಚ್ಚರಿಕೆಯೊಂದಿದೆ. ಕೊರಿಯಾವನ್ನು 1910ರಿಂದ 1945ರವರೆಗೆ ಆಳಿದ್ದು ಇದೇ ಜಪಾನ್. 1940ರಲ್ಲಿ ಕೊರಿಯನ್ನರು ಜಪಾನಿ ಬಗೆಯ ಹೆಸರಿಟ್ಟುಕೊಳ್ಳುವಂತೆ ಕಾನೂನು ಜಾರಿಗೆ ತಂದದ್ದೂ ಇದೇ ಜಪಾನ್. ಹೆಸರು ಕಳೆದುಕೊಂಡ ಜನಾಂಗದ ನೋವನ್ನು ಇಷ್ಟು ಚೆನ್ನಾಗಿ ಕಲ್ಪಿಸಿಕೊಂಡ ಸರಣಿ, ಆ ನೋವನ್ನು ತನ್ನ ನಾಡು ಪಕ್ಕದ ಮನೆಗೆ ಕೊಟ್ಟಿತ್ತು ಎಂಬುದರ ಹತ್ತಿರಕ್ಕೆ ಸುಳಿಯುವುದಿಲ್ಲ. ತಾನು ನೊಂದವನ ವೇಷ ಹಾಕಿಕೊಳ್ಳುವುದು ಸುಲಭ. ನೋಡುವಾಗ ಈ ಖಾಲಿ ಜಾಗ ನಿಮ್ಮ ಗಮನದಲ್ಲಿರಲಿ; ತಯಾರಕರು ಅದನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಲ್ಲ.

ಹುಡುಗಿಯರ ಸ್ನಾನ, ಈಜುಡುಗೆ ಮುಂತಾದ ದೃಶ್ಯಗಳು ಕತೆಗೆ ಬೇಕಿಲ್ಲದೆ ಬರುತ್ತವೆ. ಹಿರಿಯರ ಜತೆ ನೋಡುವವರು ರಿಮೋಟನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳುವುದು.

ದೋಷ ನಿವಾರಣೆ

ಬೆಕ್ಕೊಂದು ನಾಯಕನ ಮುಖವಾಡ ಹಾಕಿಕೊಂಡು ಶಾಲೆಯ ತುಂಬ ಓಡುತ್ತಿದೆ, ಎಲ್ಲರೂ ಅದರ ಹಿಂದೆ. ಬೇರೆ ಸರಣಿ ಹಾಕಿಬಿಟ್ಟೆನೇ? ಇಲ್ಲ. ಅದು ಆರನೇ ಕಂತು, ಬೆಕ್ಕಿನ ಹೆಸರು ಆರ್ಥರ್. ಹೊರಗೆ ಸಾಮ್ರಾಜ್ಯವನ್ನು ನಡುಗಿಸುವ ಮುಖವಾಡ ಒಳಗೆ ಬೆಕ್ಕಿನ ತಲೆಗೂ ಕೂರುತ್ತದೆ ಎಂಬುದನ್ನು ನೆನಪಿಡಿ. ಎರಡನೇ ಸೀಸನ್ನಿನಲ್ಲಿ ಝೀರೊನನ್ನು ಗಡಿಪಾರು ಮಾಡುವ ಒಪ್ಪಂದವಾದಾಗ ಹತ್ತು ಲಕ್ಷ ಜಪಾನಿಗಳು ಅದೇ ಮುಖವಾಡ ಹಾಕಿ ನಿಲ್ಲುತ್ತಾರೆ. ‘ಝೀರೊನನ್ನು ಹೊರಹಾಕಿ’ ಎಂದಮೇಲೆ ಹತ್ತು ಲಕ್ಷ ಜನರನ್ನೂ ಹಡಗು ಹತ್ತಿಸಬೇಕು! ಬಂಡಾಯದ ಕತೆಗಳಲ್ಲಿ ಇಷ್ಟು ನಗಿಸಿದ, ಇಷ್ಟು ಪಕ್ಕಾ ರಾಜಕೀಯದ ಜಾಣತನವನ್ನು ಈ ಕೈಪಿಡಿಕಾರ ಬೇರೆಲ್ಲೂ ಕಂಡಿಲ್ಲ.

ಎರಡನೇ ಸೀಸನ್ ಹಾಕಿದರೆ ಮೊದಲ ಸೀಸನ್ನೇ ಮತ್ತೆ ಶುರುವಾದಂತಿದೆ. ಹೌದು. ಮೊದಲನೆಯದು ಪ್ರಸಾರವಾದದ್ದು ನಡುರಾತ್ರಿ ದಾಟಿದ ಮೇಲೆ. ಎರಡನೆಯದಕ್ಕೆ ಭಾನುವಾರ ಸಂಜೆ ಐದರ ಸಮಯ ಸಿಕ್ಕಿತು. ಹೊಸ ನೋಡುಗರಿಗಾಗಿ ಮತ್ತೆ ಮೊದಲಿನಿಂದ ಪರಿಚಯಿಸಬೇಕಾಯಿತು. ಅದಕ್ಕೆ ಲೆಲೂಷ್‌ನ ನೆನಪನ್ನೇ ಚಕ್ರವರ್ತಿ ಅಳಿಸಿದ ಎಂದು ಕತೆ ಕಟ್ಟಿದರು. ಮೊದಲ ಕೆಲವು ಕಂತು ತೇಪೆಯಂತೆ ಕಾಣುವುದು ನಿಜ, ಸಹಿಸಿಕೊಳ್ಳಿ. ಮೊದಲ ಸೀಸನ್ನಿನ ಮೂಲ ಗ್ರಾಹಕರು ಇದಕ್ಕಿಂತ ಹೆಚ್ಚು ಸಹಿಸಿದ್ದಾರೆ: 23 ಕಂತು ಮುಗಿದದ್ದು 2007ರ ಮಾರ್ಚ್‌ನಲ್ಲಿ, ಕೊನೆಯ ಎರಡು ಬಂದದ್ದು ಜುಲೈನಲ್ಲಿ.

ಸಾವಿಲ್ಲದ ಮಾಯಾವಿನಿ ಯಾವಾಗಲೂ ಪಿಜ್ಜಾ ತಿನ್ನುತ್ತಿರುತ್ತಾಳೆ, ಅದೂ ಒಂದೇ ಕಂಪನಿಯದ್ದು. ಪ್ರಾಯೋಜಕರು ಜಪಾನಿನ ಪಿಜ್ಜಾ ಹಟ್. ಜಪಾನಿನ ಹೊರಗಿನ ಪ್ರತಿಗಳಲ್ಲಿ ಡಬ್ಬಿಯ ಮೇಲಿನ ಹೆಸರು ಅಳಿಸಿಹೋಗಿದ್ದರೆ ಅದು ಮುದ್ರಣದೋಷವಲ್ಲ.

ಒಬ್ಬ ಸೇನಾಧಿಕಾರಿಯನ್ನು ಎಲ್ಲರೂ ‘ಆರೆಂಜ್’ ಎನ್ನುತ್ತಾರೆ, ಯಾಕೆ? ಲೆಲೂಷ್ ಅವನನ್ನು ಹೆದರಿಸಲು ಆ ಕ್ಷಣಕ್ಕೆ ಬಾಯಿಗೆ ಬಂದ ಪದ ಅದು, ಅರ್ಥವೇನಿಲ್ಲ. ಅರ್ಥವಿಲ್ಲದ ಆ ಪದದಿಂದ ಜೆರೆಮಾಯಾ ಎಂಬ ಆ ಅಧಿಕಾರಿಯ ಮಾನ, ಹುದ್ದೆ, ಅರ್ಧ ದೇಹ ಎಲ್ಲ ಹೋಗುತ್ತವೆ. ಕೊನೆಗೆ ಅವನು ಕಿತ್ತಳೆ ತೋಟ ಮಾಡಿಕೊಂಡು ಹಾಯಾಗಿರುತ್ತಾನೆ.

ಯಂತ್ರ ನಿಲ್ಲಿಸುವ ವಿಧಾನ

ಇದನ್ನು ಮಧ್ಯದಲ್ಲಿ ನಿಲ್ಲಿಸಲಾಗುವುದಿಲ್ಲ. ತಾನಾಗಿ ನಿಲ್ಲುವ ಬಗೆ ಹೀಗಿದೆ: ಲೆಲೂಷ್ ತಾನೇ ಚಕ್ರವರ್ತಿಯಾಗಿ, ಶ್ರೀಮಂತವರ್ಗವನ್ನು ರದ್ದು ಮಾಡಿ, ಆಮೇಲೆ ಬೇಕೆಂದೇ ಜಗತ್ತಿನ ಅತಿ ದೊಡ್ಡ ಸರ್ವಾಧಿಕಾರಿಯಾಗಿ, ಎಲ್ಲರ ದ್ವೇಷವನ್ನೂ ತನ್ನೊಬ್ಬನ ಮೇಲೆ ಎಳೆದುಕೊಳ್ಳುತ್ತಾನೆ. ಸತ್ತನೆಂದು ಎಲ್ಲರೂ ನಂಬಿದ್ದ ಸುಜಾಕು ಝೀರೊನ ಮುಖವಾಡ ಹಾಕಿ ಬಂದು ಮೆರವಣಿಗೆಯ ನಡುವೆ ಅವನನ್ನು ಇರಿಯುತ್ತಾನೆ. ಇಬ್ಬರೂ ಕೂಡಿ ಮಾಡಿದ ಉಪಾಯವಿದು. ಒಬ್ಬನಿಗೆ ಸಾವು, ಇನ್ನೊಬ್ಬನಿಗೆ ಇನ್ನೆಂದೂ ಮುಖ ತೋರಿಸಲಾಗದ ಬದುಕು.

ರಾಜಕೀಯವಾಗಿ ಇದು ಹುಡುಗುತನ. ಒಂದು ಹೆಣ ಬಿದ್ದಮಾತ್ರಕ್ಕೆ ಜಗತ್ತಿನ ಜಗಳ ತೀರುವುದಾಗಿದ್ದರೆ ಚರಿತ್ರೆಯ ಪುಸ್ತಕ ತೆಳುವಾಗಿರುತ್ತಿತ್ತು. ನಾಟಕವಾಗಿ ಮಾತ್ರ ಇದಕ್ಕಿಂತ ಸರಿಯಾದ ಲೆಕ್ಕ ಇನ್ನೊಂದಿಲ್ಲ. ಮೊದಲು ಮಲಅಣ್ಣನನ್ನು ಕೊಂದಾಗಿನಿಂದ ಲೆಲೂಷ್ ಏರಿಸಿಕೊಂಡು ಬಂದ ಸಾಲವೆಲ್ಲ, ಅವನೇ ಹೊಲಿಸಿದ ವೇಷದ ಕೈಯಿಂದ, ಅವನೇ ‘ಬದುಕು’ ಎಂದವನ ಕತ್ತಿಯಿಂದ ತೀರುತ್ತದೆ.

ಬಿಡಿಭಾಗಗಳು ಮತ್ತು ವಾರಂಟಿ

2017–18ರಲ್ಲಿ ಇಡೀ ಸರಣಿಯನ್ನು ಮೂರು ಸಿನಿಮಾಗಳಾಗಿ ಕತ್ತರಿಸಿ ಬಿಡುಗಡೆ ಮಾಡಲಾಯಿತು. 2019ರಲ್ಲಿ ಹೊಸ ಸಿನಿಮಾ ಬಂದು ಲೆಲೂಷ್‌ನನ್ನು ಎಬ್ಬಿಸಿ ಕೂರಿಸಿತು. 2024ರಲ್ಲಿ ಬೇರೆ ನಾಯಕರ ‘ರೋಝೆ ಆಫ್ ದ ರೀಕ್ಯಾಪ್ಚರ್’ ಬಂತು. ಸಮಯವಿಲ್ಲ, ಆ ಮೂರು ಸಿನಿಮಾ ನೋಡಿ ಮುಗಿಸುತ್ತೇನೆ ಎನ್ನುವವರಿಗೆ ನಮ್ಮ ಸಲಹೆ: ಬೇಡ. ಟೀವಿ ಮಾದರಿಯಲ್ಲಿ ಎರಡನೇ ಸೀಸನ್ನಿನ ನಡುವೆ ನೆನಪು ಮರಳಿದ ಶರ್ಲಿ ಕೊಲೆಯಾಗುತ್ತಾಳೆ. ಸಿನಿಮಾ ಮಾದರಿಯಲ್ಲಿ ಅವಳು ಬದುಕಿರುತ್ತಾಳೆ. ಅವಳು ಬದುಕಿದ್ದು ಸಂತೋಷವೇ, ಆದರೆ ಅಷ್ಟರಮಟ್ಟಿಗೆ ಲೆಲೂಷ್‌ನ ಸಾಲ ಮನ್ನಾ ಆಯಿತು, ಯಂತ್ರದ ಒತ್ತಡವೂ ಇಳಿಯಿತು. 2019ರ ಸಿನಿಮಾ ಜೋಡಣೆಯಾಗುವುದು ಈ ಸಿನಿಮಾ ಮಾದರಿಗೆ ಮಾತ್ರ. ಟೀವಿ ಮಾದರಿಯ ಗ್ರಾಹಕರು ಅದನ್ನು ಒತ್ತಾಯದಿಂದ ಸೇರಿಸಿ, ಆಮೇಲೆ ‘ಇವಳು ಹೇಗೆ ಬದುಕಿದಳು?’ ಎಂದು ಸೇವಾ ಕೇಂದ್ರಕ್ಕೆ ಫೋನ್ ಮಾಡಬಾರದಾಗಿ ವಿನಂತಿ.